ನಿಪ್ಪಟ್ಟು ಗಡಿ ದಾಟಬಾರದು

ಅತ್ತಿಬೆಲೆಯಲ್ಲಿ ಕರಿದ ನಿಪ್ಪಟ್ಟು ಬೀದರ್‌ಗೆ ಹೋಗಬಹುದು. ಸುಮಾರು 700 ಕಿಲೋಮೀಟರ್ ಪ್ರಯಾಣ, ತಲುಪುವಷ್ಟರಲ್ಲಿ ಅರ್ಧ ಪುಡಿಯಾಗಿರುತ್ತದೆ. ಆದರೂ ಕಾನೂನಿನ ದೃಷ್ಟಿಯಲ್ಲಿ ಅದು ಸಜ್ಜನ ನಿಪ್ಪಟ್ಟು. ಅದೇ ಬಾಣಲೆಯ ಇನ್ನೊಂದು ನಿಪ್ಪಟ್ಟು 10 ಕಿಲೋಮೀಟರ್ ಒಳಗೇ ಇರುವ ಹೊಸೂರಿಗೆ ಕೊರಿಯರ್‌ನಲ್ಲಿ ಹೊರಟರೆ ಕತೆ ಬೇರೆ. ಹೊಸೂರಿನವರು ದಿನಾ ಬೆಳಗಾದರೆ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ, ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಮಾತಾಡುತ್ತಾರೆ. ಮನುಷ್ಯರಿಗೆ ಅದು ಪಕ್ಕದೂರು. ನಿಪ್ಪಟ್ಟಿಗೆ ಪರರಾಜ್ಯ.

2017ರ ಜುಲೈ 1ರ ನಡುರಾತ್ರಿ ಪಾರ್ಲಿಮೆಂಟಿನ ಸೆಂಟ್ರಲ್ ಹಾಲಿನಲ್ಲಿ ಜಿಎಸ್‌ಟಿ ಹುಟ್ಟಿದಾಗ ಇಡೀ ದೇಶ ಒಂದೇ ಮಾರುಕಟ್ಟೆ ಆಯಿತೆಂದು ಸಂಭ್ರಮಿಸಿದ್ದೆವು. ಸುಳ್ಳೇನಲ್ಲ. ರಾಜ್ಯದಿಂದ ರಾಜ್ಯಕ್ಕೆ ಮಾರುವಾಗ ಬೀಳುತ್ತಿದ್ದ ಸಿಎಸ್‌ಟಿ ಹೋಯಿತು. ತೆರಿಗೆ ಚೆಕ್‌ಪೋಸ್ಟ್‌ಗಳ ಮುಂದೆ ಲಾರಿಗಳು ರಾತ್ರಿಯಿಡೀ ಸಾಲುಗಟ್ಟುವುದು ತಪ್ಪಿತು. ಲಾರಿಗಟ್ಟಲೆ ಬಿಸ್ಕತ್ತು ಮಾಡುವವನಿಗೆ ಈಗ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ರಾಜಬೀದಿ. ಎರಡು ಕೆಜಿ ನಿಪ್ಪಟ್ಟು ಮಾಡುವಾಕೆಯ ವಿಷಯ ಯಾರಿಗೂ ನೆನಪಾಗಲಿಲ್ಲ ಎನ್ನುವಂತಿಲ್ಲ. ನೆನಪಾಗಿತ್ತು, ಅದಕ್ಕೇ ಆಕೆಗೆ ಪ್ರತ್ಯೇಕ ನಿಯಮ ಬರೆದರು.

ಅತ್ತಿಬೆಲೆಯಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹೆಂಗಸು ಅಂತಿಟ್ಟುಕೊಳ್ಳಿ. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗೆ, ಹಾಗಾಗಿ ಕಾಂಪೋಸಿಷನ್ ಸ್ಕೀಮು. ನೂರಕ್ಕೆ ಒಂದು ರೂಪಾಯಿ ಕಟ್ಟಿದರಾಯಿತು, ವರ್ಷಕ್ಕೊಂದು ರಿಟರ್ನ್. ಆಡಿಟರ್ ಜತೆ ಆಕೆಯ ಮಾತುಕತೆ ಹೀಗಿರುತ್ತದೆ:

“ಸಾರ್, ಹೊಸೂರಿಂದ ಒಬ್ರು ಫೋನ್ ಮಾಡಿ ಎರಡು ಕೆಜಿ ಕೊರಿಯರ್ ಮಾಡಿ ಅಂತಿದ್ದಾರೆ.”

“ಬೇಡಮ್ಮ. ಹೊರರಾಜ್ಯಕ್ಕೆ ಒಂದು ಪ್ಯಾಕೆಟ್ ಕಳಿಸಿದ್ರೂ ಸ್ಕೀಮಿಂದ ಆಚೆ.”

“ಅವರೇ ಬಸ್ಸಲ್ಲಿ ಬಂದು ತಗೊಂಡೋದ್ರೆ?”

“ಧಾರಾಳವಾಗಿ ತಗೊಂಡೋಗ್ಲಿ. ಬಿಲ್ಲಲ್ಲಿ ಮಾತ್ರ ಅವರ ಊರು ಬರೀಬೇಡಿ.”

“ಹೆಸರು?”

“ಹೆಸರು ಬರೀರಿ. ತಮಿಳುನಾಡು ಅಂತ ಬರೀಬೇಡಿ ಅಷ್ಟೆ.”

ಆಡಿಟರ್ ತಮಾಷೆ ಮಾಡುತ್ತಿಲ್ಲ. 2023ರ ಅಕ್ಟೋಬರ್ 1ರಿಂದ ನಿಯಮ ಹೀಗಿದೆ: ನೋಂದಣಿ ಇಲ್ಲದ ಗಿರಾಕಿಗೆ ಮಾರಿದರೆ, ಬಿಲ್ಲಿನಲ್ಲಿ ಬರೆದ ವಿಳಾಸವೇ ಮಾರಾಟವಾದ ಜಾಗ. ವಿಳಾಸ ಬರೆಯದಿದ್ದರೆ ಅಂಗಡಿಯೇ ಜಾಗ. ರಾಜ್ಯದ ಹೆಸರೊಂದನ್ನು ಬರೆದರೂ ವಿಳಾಸ ಬರೆದಂತೆಯೇ ಲೆಕ್ಕ. ಅಂದರೆ ಕಣ್ಣೆದುರು ಕಟ್ಟಿಕೊಟ್ಟ ಪೊಟ್ಟಣವೂ, ನೀಟಾಗಿ ವಿಳಾಸ ಬರೆದರೆ, ಅತ್ತಿಬೆಲೆಯ ಗಲ್ಲಾಪೆಟ್ಟಿಗೆ ಮುಂದೆಯೇ ಗಡಿ ದಾಟಿಬಿಡುತ್ತದೆ. ಹಿಂದೆ ಗಡಿಯಲ್ಲಿ ಲಾರಿ ತಡೆಯಲು ಸಿಬ್ಬಂದಿ ಬೇಕಿತ್ತು, ಕಂಬ ಬೇಕಿತ್ತು, ರಾತ್ರಿ ಪಾಳಿ ಬೇಕಿತ್ತು. ಈಗ ಒಂದು ಬಾಲ್‌ಪೆನ್ ಸಾಕು.

ಇಷ್ಟೆಲ್ಲ ಯಾಕೆ ಎಂದರೆ ಅದಕ್ಕೂ ತರ್ಕವಿದೆ. ಸರಕು ಎಲ್ಲಿ ಬಳಕೆಯಾಗುತ್ತದೋ ಆ ರಾಜ್ಯಕ್ಕೆ ತೆರಿಗೆ ಸೇರಬೇಕು. ಕಾಂಪೋಸಿಷನ್‌ನವರು ಕಟ್ಟುವ ಒಂದು ರೂಪಾಯಿಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ಅವರ ಸ್ವಂತ ರಾಜ್ಯಕ್ಕೆ. ಕೆಜಿಗೆ 300ರಂತೆ ಎರಡು ಕೆಜಿ ನಿಪ್ಪಟ್ಟು ಹೊಸೂರಿಗೆ ಹೋದರೆ ಒಟ್ಟು ತೆರಿಗೆ 6 ರೂಪಾಯಿ. ತಮಿಳುನಾಡಿನ ಪಾಲಿನ 3 ರೂಪಾಯಿ ಬೆಂಗಳೂರಿನ ಖಜಾನೆಯಲ್ಲೇ ಉಳಿದುಬಿಡುತ್ತದೆ. ಕಾವೇರಿಯಂತೆ ಇದಕ್ಕೂ ಒಂದು ನ್ಯಾಯಮಂಡಳಿ ಮಾಡಬಹುದಿತ್ತು. ಅದರ ಬದಲು ನಿಪ್ಪಟ್ಟನ್ನೇ ನಿಲ್ಲಿಸಿದರು.

ಸ್ಕೀಮು ಬಿಟ್ಟು ಎಲ್ಲರಂತೆ ಸಾಮಾನ್ಯ ನೋಂದಣಿ ಮಾಡಿಸಿಕೊಳ್ಳಲಿ ಎನ್ನುತ್ತೀರಾ? ಮಾಡಿಸಬಹುದು. ಆಗ ಅತ್ತಿಬೆಲೆಯ ಮಕ್ಕಳು ಕೊಳ್ಳುವ ಕೋಡುಬಳೆಗೂ ಪೂರ್ತಿ ದರದ ತೆರಿಗೆ, ರಿಟರ್ನ್ ಮೇಲೆ ರಿಟರ್ನ್, ಒಂದು ದಿನ ತಡವಾದರೆ 50 ರೂಪಾಯಿ. ವಹಿವಾಟು 40 ಲಕ್ಷದೊಳಗಿದ್ದು ನೋಂದಣಿಯೇ ಬೇಕಿಲ್ಲದ ಸಣ್ಣ ಅಂಗಡಿಯವನ ಪಾಡೂ ಇದೇ. ಹೊರರಾಜ್ಯಕ್ಕೆ ಕಳಿಸಿದ ಮೊದಲ ಪೊಟ್ಟಣಕ್ಕೇ ನೋಂದಣಿ ಕಡ್ಡಾಯ. ಆನ್‌ಲೈನ್‌ನಲ್ಲಿ ಮಾರಲು ಇಬ್ಬರಿಗೂ 2023ರಲ್ಲಿ ಅವಕಾಶ ಕೊಟ್ಟಿದ್ದಾರೆ, ಸ್ವಂತ ರಾಜ್ಯದೊಳಗೆ ಮಾತ್ರ. ಜಗತ್ತಿನ ಮೂಲೆಮೂಲೆಗೆ ತಲುಪುವ ಇಂಟರ್ನೆಟ್ ಅತ್ತಿಬೆಲೆ ಟೋಲ್‌ನಲ್ಲಿ ಇಳಿದುಕೊಳ್ಳುತ್ತದೆ.

ಆದರೆ ಇದೇ ಹೆಂಗಸು ನಿಪ್ಪಟ್ಟು ಕರಿಯುವುದು ಬಿಟ್ಟು, ನಿಪ್ಪಟ್ಟು ಹೇಗೆ ಕರಿಯಬೇಕೆಂದು ಹೊಸೂರಿನವರಿಗೆ ಫೋನಿನಲ್ಲಿ ದುಡ್ಡು ತಗೊಂಡು ಸಲಹೆ ಕೊಡತೊಡಗಿದರೆ ಬಾಗಿಲು ತೆರೆಯುತ್ತದೆ. ಅದು ಸೇವೆ. ವರ್ಷಕ್ಕೆ 20 ಲಕ್ಷದವರೆಗೆ ಯಾವ ರಾಜ್ಯಕ್ಕಾದರೂ ಸೇವೆ ಮಾರಬಹುದು, ನೋಂದಣಿ ಬೇಡ. ಬಾಯಲ್ಲಿ ಹೇಳಿದ್ದಕ್ಕೆ ಗಡಿ ಇಲ್ಲ, ಕೈಯಲ್ಲಿ ಮಾಡಿದ್ದಕ್ಕೆ ಇದೆ.

ಕೈಯಲ್ಲಿ ಮಾಡುವವರ ಮೇಲೆ ಸರ್ಕಾರಕ್ಕೆ ಪ್ರೀತಿಯೇ ಇಲ್ಲ ಎಂದು ಮಾತ್ರ ಹೇಳಬೇಡಿ. ಚನ್ನಪಟ್ಟಣದ ಬೊಂಬೆಯಂಥ ಕರಕುಶಲ ವಸ್ತು ಮಾಡುವ ಸಣ್ಣ ಕುಶಲಕರ್ಮಿಗಳಿಗೆ ನೋಂದಣಿ ಇಲ್ಲದೆಯೇ ಹೊರರಾಜ್ಯಕ್ಕೆ ಮಾರಲು ವಿಶೇಷ ವಿನಾಯಿತಿ ಉಂಟು. ಷರತ್ತು ಸಣ್ಣದು: ಇ-ವೇ ಬಿಲ್ ಬೇಕು. ದೊಡ್ಡ ವ್ಯಾಪಾರಿಗೆ ಸರಕಿನ ಬೆಲೆ 50 ಸಾವಿರ ದಾಟಿದ ಮೇಲೆ ಇ-ವೇ ಬಿಲ್ ಚಿಂತೆ. ವಿನಾಯಿತಿ ಪಡೆದ ಕುಶಲಕರ್ಮಿಗೆ ಹಾಗಲ್ಲ, ಬೆಲೆ ಎಷ್ಟೇ ಇರಲಿ ಬೇಕೇ ಬೇಕು. ನೂರು ರೂಪಾಯಿಯ ಬುಗುರಿ ಸೇಲಂಗೆ ಹೋಗಬೇಕಾದರೂ ಪೋರ್ಟಲ್‌ಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿಕೊಂಡೇ ಹೊರಡಬೇಕು. ವಿನಾಯಿತಿ ಎಂದರೆ ಇದು.

ಗಾಡಿಗಳದ್ದೂ ಇದೇ ಕತೆ. ರಾಜ್ಯ ಬದಲಿಸಿ 12 ತಿಂಗಳು ದಾಟಿದರೆ ಹೊಸ ನಂಬರ್ ಹಾಕಿಸಬೇಕು. ಹಳೇ ಊರಿನಿಂದ ಎನ್‌ಒಸಿ, ಹೊಸ ಊರಿನಲ್ಲಿ ತೆರಿಗೆ, ಹಳೆಯದರ ರೀಫಂಡಿಗೆ ಅರ್ಜಿ. ಈ ಪೀಡೆ ತಪ್ಪಿಸಲೆಂದೇ 2021ರಲ್ಲಿ ಬಿಎಚ್ ಸರಣಿ ಬಂತು. ಭಾರತ ಎಂದೇ ಬರೆದಿರುವ ನಂಬರ್ ಪ್ಲೇಟು! ಯಾರಿಗೆ? ಸೇನೆಯವರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ಉದ್ಯೋಗಿಗಳಿಗೆ. ಅಂಗಡಿಯಾಕೆಯ ಮಗ ದೊಡ್ಡ ಕಂಪನಿ ಸೇರಿದರೆ ಅವನ ಕಾರು ಭಾರತದ್ದು. ಅಮ್ಮನ ಸ್ಕೂಟರ್ ಕರ್ನಾಟಕದ್ದೇ.

ವ್ಯಾಪಾರ ದೇಶದ ಉದ್ದಗಲಕ್ಕೂ ಮುಕ್ತವಾಗಿರತಕ್ಕದ್ದು ಎಂದು ಸಂವಿಧಾನದ 301ನೇ ವಿಧಿ ಹೇಳುತ್ತದೆ. ಮುಂದಿನ ವಿಧಿಗಳಲ್ಲಿ ‘ಆದರೆ’ಗಳು ಬರುತ್ತವೆ, ಅದನ್ನು ವಕೀಲರು ನೋಡಿಕೊಳ್ಳಲಿ.

ಅತ್ತ ಯೂರೋಪ್ ನೋಡಿ. 27 ದೇಶ, ಒಂದೊಂದಕ್ಕೂ ತನ್ನದೇ ತೆರಿಗೆ ದರ, ಒಂದು ಕಾಲಕ್ಕೆ ಪರಸ್ಪರ ಊರು ಸುಟ್ಟುಕೊಂಡವರು. ಅಲ್ಲಿ 2021ರ ಜುಲೈಯಿಂದ ಒಬ್ಬ ಸಣ್ಣ ವ್ಯಾಪಾರಿ ಉಳಿದ ದೇಶಗಳ ಗಿರಾಕಿಗಳಿಗೆ ವರ್ಷಕ್ಕೆ ಒಟ್ಟು 10,000 ಯೂರೊವರೆಗೆ ತನ್ನ ದೇಶದ ತೆರಿಗೆಯನ್ನೇ ಹಾಕಿ ಮಾರಬಹುದು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 10 ಲಕ್ಷ ರೂಪಾಯಿ. ಅವರು ತಮ್ಮನ್ನು ಒಂದು ದೇಶ ಎಂದು ಕರೆದುಕೊಂಡೂ ಇಲ್ಲ.

ಜಿಎಸ್‌ಟಿ ಕೌನ್ಸಿಲ್ಲಿನ ಮಾನ್ಯ ಹಣಕಾಸು ಮಂತ್ರಿಗಳಲ್ಲಿ ನನ್ನದೊಂದು ಅರಿಕೆ. ತಮಿಳುನಾಡಿಗೆ ಬರಬೇಕಾದ ಆ 3 ರೂಪಾಯಿಯನ್ನು ನಾನೇ ಹೊಸೂರಿಗೆ ಹೋಗಿ ಕಟ್ಟಿ ಬರುತ್ತೇನೆ. ರಸೀದಿಯಲ್ಲಿ ಮಾತ್ರ ನನ್ನ ಊರು ಬರೆಯದಂತೆ ದಯವಿಟ್ಟು ಹೇಳಿ.