ಸೇಡಂ ಸೀಮೆಯ ತಂತಿಸಂಧಿ ಪ್ರಕರಣ

ಪದ ಕೂಡುವುದಕ್ಕೆ ನಿಯಮ ಬರೆದ ಕನ್ನಡಿಗರು ವೈರು ಕೂಡುವುದಕ್ಕೆ ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆಗೆ ವಿದ್ವಾಂಸರು ಈವರೆಗೆ ಕೈಹಾಕಿಲ್ಲ. ಹಾಕಿದವರಿಗೆ ಶಾಕ್ ಹೊಡೆದಿರಬಹುದು. ನಮ್ಮ ಸೇಡಂ ತಾಲ್ಲೂಕಿನಲ್ಲೇ ಮಳಖೇಡ ಇದೆ. ಒಂಬತ್ತನೇ ಶತಮಾನದಲ್ಲಿ ಅಲ್ಲಿ ನೃಪತುಂಗನ ಆಸ್ಥಾನವಿತ್ತು, ಕವಿರಾಜಮಾರ್ಗ ಹುಟ್ಟಿತು. ಈಗ ಅದೇ ತಾಲ್ಲೂಕಿನಲ್ಲಿ ಸಿಮೆಂಟ್ ಕಾರ್ಖಾನೆಗಳು ಹಗಲಿರುಳು ಕರೆಂಟು ನುಂಗುತ್ತಿವೆ. ಮನೆಯೊಳಗಿನ ಜಾಯಿಂಟ್ ಮಾತ್ರ ಎರಡು ವೈರು ಹೊಸೆದು ಕರಿ ಟೇಪು ಸುತ್ತುವಲ್ಲಿಗೇ ನಿಂತಿದೆ. ಜಾಯಿಂಟ್ ಎಂದರೆ ಸಂಧಿಯೇ, ಬರೀ ಟೇಪಿನ ಸಂಧಿ ವ್ಯಾಕರಣದೋಷ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಮೊದಲು ಲೋಪ. ‘ಊರೂರು’ ಆಗುವಾಗ ಒಂದು ಉಕಾರ ಹೋಗುವಂತೆ ವೈರಿನ ತುದಿಯಲ್ಲಿ ಸುಮಾರು 12 ಮಿಲಿಮೀಟರ್ ಸಿಪ್ಪೆ ಹೋಗಬೇಕು. ಅದನ್ನು ಹಲ್ಲಿನಿಂದ ಕಚ್ಚಿ ತೆಗೆದರೆ ದಂತ್ಯಲೋಪ. ಜೊತೆಗೆ ನಾಲ್ಕು ತಾಮ್ರದ ಎಳೆಯೂ ಹೋದರೆ ಅತಿಲೋಪ. ಆಮೇಲೆ ಆಗಮ. ‘ಮನೆ’ಗೂ ‘ಅಲ್ಲಿ’ಗೂ ನಡುವೆ ಬರುವ ಯಕಾರದಂತೆ ಇಲ್ಲಿ ಬರಬೇಕಾದದ್ದು ತಿರುಪು ಟೋಪಿ: ಮೇಲೆ ಪ್ಲಾಸ್ಟಿಕ್, ಒಳಗೆ ಶಂಕುವಿನಾಕಾರದ ಸ್ಪ್ರಿಂಗ್. ಇದರ ಮೂಲಪುರುಷನನ್ನು 1914ರಲ್ಲಿ ಕೆನಡಾದಲ್ಲಿ ರೂಪಿಸಿದವನು ವಿಲಿಯಂ ಮಾರ್. ಅಲ್ಲಿ ಇಂದಿಗೂ ಇದನ್ನು ಮರೆಟ್ ಎನ್ನುತ್ತಾರೆ. ಪ್ರದಕ್ಷಿಣವಾಗಿ ತಿರುಗಿಸಿದರೆ ಸ್ಪ್ರಿಂಗ್ ತಾಮ್ರವನ್ನು ಕಚ್ಚಿ ಬಿಗಿಯುತ್ತದೆ, ಅಪ್ರದಕ್ಷಿಣವಾದರೆ ಕಳಚುತ್ತದೆ. ಶಾಸ್ತ್ರವೂ ವಿಜ್ಞಾನವೂ ಒಪ್ಪಿದ ಅಪರೂಪದ ಸಂದರ್ಭ ಇದು. ತಾಮ್ರಕ್ಕೆ ಅಲ್ಯೂಮಿನಿಯಂ ಕಟ್ಟುವ ಆದೇಶಸಂಧಿಯನ್ನು ಮಾಮೂಲಿ ಟೋಪಿ ಒಪ್ಪುವುದಿಲ್ಲ. ಲೋಹದ ಜಾಗದಲ್ಲಿ ಕಿಲುಬು ಆದೇಶವಾಗಿ ಬರುತ್ತದೆ. ಇನ್ನು ಎದುರುಬದುರಾದರೂ ಸಂಧಿಯಾಗದೆ ಉಳಿಯುವ ಪ್ರಕೃತಿಭಾವಕ್ಕೆ ಲೋಕದ ಹೆಸರು ಲೂಸ್ ಕನೆಕ್ಷನ್.

ಇಲ್ಲಿ ಪೂರ್ವಪಕ್ಷದವರು ‘ನಡೀತದ ಬಿಡ್ರಿ’ ಎನ್ನುತ್ತಾರೆ. ಇದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ. ಜಾಯಿಂಟಿನಿಂದ ಚುರ್‌ಚುರ್ ಸದ್ದು ಬರುವಾಗ ಶಬ್ದಪ್ರಮಾಣವೂ ವಿರುದ್ಧವಾಗಿಯೇ ಇರುತ್ತದೆ. ಸಡಿಲ ಜಾಯಿಂಟಿನ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳೋಣ. ಅದರಲ್ಲಿ 10 ಆಂಪಿಯರ್ ಹರಿದರೆ ಹತ್ತರ ವರ್ಗ ನೂರು, ಅದರ ಅರ್ಧ 50 ವ್ಯಾಟ್ ಬಿಸಿ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಗೆ 25 ವ್ಯಾಟ್ ಸಾಕು. ಎಂಸಿಬಿ ಕಾಪಾಡುತ್ತದಲ್ಲ ಎಂದರೆ, ಅದು ಕಾಯುವುದು ಕರೆಂಟಿನ ಅತಿರೇಕವನ್ನು. ಇಲ್ಲಿ ಕರೆಂಟು ಸಭ್ಯವಾಗಿ ಹತ್ತೇ ಇದೆ. ಟೇಪು ಇದೆಯಲ್ಲ ಎಂದರೆ, ಟೇಪು ಮಾನ ಮುಚ್ಚುತ್ತದೆ, ಕೈ ಹಿಡಿಯುವುದಿಲ್ಲ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದರ ಅಂಟು ಸಡಿಲಾಗಿ ಮಾನವೂ ಜಾರುತ್ತದೆ. ಅಪ್ಪನ ಕಾಲದಿಂದ ಹಾಗೇ ಇದೆ ಎಂಬ ವಾದ ಕೊಂಚ ಗಟ್ಟಿ. ಶಹಾಬಾದ್ ಬಳಿಯ ಮರತೂರಿನ ವಿಜ್ಞಾನೇಶ್ವರ ಮಿತಾಕ್ಷರಾದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದಿದ್ದಾನೆ. ಆ ಪ್ರಕಾರ ಸುಟ್ಟ ಜಾಯಿಂಟಿನಲ್ಲೂ ಮಗನಿಗೆ ಪಾಲುಂಟು, ಬೇಡವೆನ್ನುವಂತಿಲ್ಲ. ಟೋಪಿ ಅಂಗಡಿಯಲ್ಲಿ ಸಿಗುವುದಿಲ್ಲ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ವೈಯಾಕರಣರು ವಿಕಲ್ಪ ಇಟ್ಟಿದ್ದಾರೆ: ಹಿತ್ತಾಳೆ ತಿರುಪಿನ ಕನೆಕ್ಟರ್ ಪಟ್ಟಿ. ಟೋಪಿ ಸಿಕ್ಕರೂ ಎಷ್ಟು ದಪ್ಪದ ಎಷ್ಟು ವೈರಿಗೆ ಎಂದು ಪೊಟ್ಟಣದ ಮೇಲೆ ಓದಿಯೇ ಹಾಕಬೇಕು. ದೊಡ್ಡ ಟೋಪಿ ಸಣ್ಣ ತಲೆಯ ಮೇಲೆ ನಿಲ್ಲುವುದಿಲ್ಲ, ಇದು ವೈರಿಗಷ್ಟೇ ಅನ್ವಯಿಸುವ ಸೂತ್ರವೂ ಅಲ್ಲ.

ಉಳಿದದ್ದು ಕರ್ತೃತ್ವ. ಕವಿರಾಜಮಾರ್ಗ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಬಹುಕಾಲ ನಡೆಯಿತು. ಗೋಡೆಯೊಳಗೆ ಹೂತ ಜಾಯಿಂಟಿನ ಸಮಸ್ಯೆ ಅದಕ್ಕಿಂತ ಜಟಿಲ: ವಾಯರ್‌ಮನ್ ಗೌಂಡಿಯ ಕಡೆ ಬೆರಳು ತೋರಿಸುತ್ತಾನೆ, ಗೌಂಡಿ ವಾಯರ್‌ಮನ್ ಕಡೆ. ಆದ್ದರಿಂದ ಸಂಧಿ ಜಂಕ್ಷನ್ ಬಾಕ್ಸಿನೊಳಗೇ ಇರಬೇಕು, ಮುಚ್ಚಳ ತೆಗೆದರೆ ಕಾಣಬೇಕು, ಟೋಪಿಯ ಅಂಚಿನ ಕೆಳಗೆ ತಾಮ್ರ ಇಣುಕಬಾರದು. ಮಂಗಳಾಚರಣೆಗೆ ಮೇನ್ ಸ್ವಿಚ್ ಆಫ್, ಆಮೇಲೆ ಟೆಸ್ಟರ್. ಗ್ರಂಥ ಸಂಪಾದನೆಗೆ ಒಂದೊಂದೇ ವೈರನ್ನು ಹಿಡಿದು ಜಗ್ಗಿ ನೋಡುವುದು; ಕೈಗೆ ಕಿತ್ತುಬಂದದ್ದು ಪ್ರಕ್ಷಿಪ್ತ.