ತಂಗಳುತ್ವ ಪ್ರಕರಣ: ಬಿಗೊಸ್ ಎಂಬ ಪೋಲಿಷ್ ಖಾದ್ಯದ ಲಕ್ಷಣ ವಿಚಾರ

ಹುಳಿ ಬರಿಸಿದ ಎಲೆಕೋಸು, ಹಂದಿಮಾಂಸ, ಹೊಗೆಯಾಡಿಸಿದ ಸಾಸೇಜು, ಒಣ ಅಣಬೆ, ಒಣ ಪ್ಲಮ್ ಇವುಗಳನ್ನು ಒಂದೇ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದೇ ಬಿಗೊಸ್ ಎಂದು ಪೋಲೆಂಡಿನಲ್ಲಿ ರೂಢಿಯಾಗಿರುವ ಲಕ್ಷಣವು ಅವ್ಯಾಪ್ತಿದೋಷಕ್ಕೆ, ಅಂದರೆ ಒಳಗೊಳ್ಳಬೇಕಾದುದನ್ನೇ ಹೊರಗಿಡುವ ದೋಷಕ್ಕೆ, ಗುರಿಯಾಗುತ್ತದೆ. ಹೊರಗುಳಿಯುವುದು ಯಾವುದೋ ಅಡ್ಡಸಂತಾನವಲ್ಲ, ಸಾಕ್ಷಾತ್ ಮೂಲಪುರುಷನೇ. ಲುಬೊಮಿರ್ಸ್ಕಿ ಮನೆತನದ ಮುಖ್ಯ ಬಾಣಸಿಗನಾಗಿದ್ದ ಸ್ತಾನಿಸ್ವಾಫ್ ಚೆರ್ನ್ಯೆತ್ಸ್ಕಿಯು 1682ರಲ್ಲಿ ಕ್ರಾಕೋವ್‌ನಲ್ಲಿ ಅಚ್ಚುಹಾಕಿಸಿದ 'ಕೊಂಪೆಂದಿಯುಮ್ ಫೆರ್ಕುಲೋರುಮ್' ಎಂಬ ಪೋಲಿಷ್ ಪಾಕಗ್ರಂಥದಲ್ಲಿ ಬಿಗೊಸ್ ಎಂದರೆ ಸಣ್ಣಗೆ ಕೊಚ್ಚಿ ಹುಳಿಗೂಡಿಸಿದ ಮಾಂಸ ಅಥವಾ ಮೀನು. ಎಲೆಕೋಸಿನ ಸುಳಿವೇ ಅಲ್ಲಿಲ್ಲ.

ಎಲೆಕೋಸು ಒಳನುಗ್ಗಿದ್ದು ಹದಿನೆಂಟನೆಯ ಶತಮಾನದಲ್ಲಿ, ಅದೂ ಬಡತನದ ಹಿತ್ತಿಲ ಬಾಗಿಲಿನಿಂದ. ನಿಂಬೆ, ವಿನೆಗರ್‌ಗಳ ಬೆಲೆ ತಾಳಲಾರದವರು ಹುಳಿಗಾಗಿ ಹುಳಿಕೋಸನ್ನೇ ಹಾಕಿ, ಅದರ ಪ್ರಮಾಣ ಹೆಚ್ಚಿದಷ್ಟೂ ಮಾಂಸವನ್ನು ಕಡಿಮೆ ಮಾಡಿ, ಆ ಕಲಬೆರಕೆಗೆ 'ಬಿಗೊಸ್ ಹುಲ್ತಾಯ್ಸ್ಕಿ', ಎಂದರೆ ಪೋಕರಿಗಳ ಬಿಗೊಸ್, ಎಂಬ ಹೆಸರನ್ನು ತಂದುಕೊಟ್ಟರು. ಕಾಲಕ್ರಮದಲ್ಲಿ ಪೋಕರಿ ಎಂಬ ವಿಶೇಷಣ ಉದುರಿಹೋಗಿ ಕೋಸು ಮಾತ್ರ ಉಳಿಯಿತು. 1834ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ 'ಪಾನ್ ತದೇಉಶ್' ಮಹಾಕಾವ್ಯದಲ್ಲಿ ಆದಮ್ ಮಿತ್ಸ್ಕ್ಯೇವಿಚ್ ಬೇಟೆಗಾರರಿಗೆ ಬಡಿಸಿದ್ದು ಈ ಕೋಸಿನ ಬಿಗೊಸನ್ನೇ. ಮಹಾಕವಿ ಉಂಡಮೇಲೆ ಕುಲಗೋತ್ರ ಕೇಳುವವರು ಯಾರು?

ಇನ್ನು ಆಧುನಿಕರ ಪಾಠಾಂತರ. ಕೋಸನ್ನು ಸಣ್ಣಗೆ ಹೆಚ್ಚಿ, ಅದರ ತೂಕದ ಸುಮಾರು 2ರಿಂದ 2.5 ಪ್ರತಿಶತ ಉಪ್ಪು ಬೆರೆಸಿ, ಅದು ಬಿಟ್ಟ ನೀರಿನಲ್ಲೇ ಮುಳುಗಿರುವಂತೆ ಅದುಮಿಟ್ಟು, ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ತಮ್ಮ ಕೆಲಸ ಮುಗಿಸಲು ಕೆಲವು ವಾರ ಕಾಯುವಲ್ಲಿಗೆ ಇವರಿಗೂ ಪ್ರಾಚೀನರಿಗೂ ಒಮ್ಮತವಿದೆ. ಬಳಿಕ ಇವರು ಮಾಂಸವನ್ನು ಪೂರ್ತಿಯಾಗಿ ಕೈಬಿಟ್ಟು, ಹೊಗೆಯಾಡಿಸಿದ ತೋಫು, ಒಣ ಅಣಬೆ, ಹೊಗೆಯ ವಾಸನೆಯ ಪ್ಲಮ್ ಸೇರಿಸಿ, ಪ್ರೆಶರ್ ಕುಕ್ಕರಿನಲ್ಲಿ ಒಂದು ಗಂಟೆಯೊಳಗೆ ಇಳಿಸುತ್ತಾರೆ. ಮಾಂಸವಿಲ್ಲದ್ದು ಬಿಗೊಸೇ ಅಲ್ಲವೆಂಬುದು ಪೂರ್ವಪಕ್ಷ. ಕೋಸಿಲ್ಲದ ಮಾಂಸವಾಗಿ ಹುಟ್ಟಿ ಮಾಂಸವಿಲ್ಲದ ಕೋಸಾಗಿ ಬದುಕಿರುವ ಪದಾರ್ಥದ ಮುಂದೆ ಈ ಆಕ್ಷೇಪ ನಿಲ್ಲಲಾರದು. ಎರಡು ತುದಿಗಳಿಗೂ ಸಮಾನವಾಗಿ ಉಳಿದಿರುವುದು ಕೊಚ್ಚುವಿಕೆ ಮತ್ತು ಹುಳಿ ಮಾತ್ರ. ಕತ್ತಿಯಿಂದ ಕೊಚ್ಚಿಹಾಕುವುದಕ್ಕೆ ಪೋಲಿಷ್ ಭಾಷೆಯಲ್ಲಿ 'ಬಿಗೊಸೊವಾಚ್' ಎಂಬ ಕ್ರಿಯಾಪದವೇ ಇರುವುದು ಇದಕ್ಕೆ ಶಬ್ದಪ್ರಮಾಣ.

ಆದರೆ ಕೊಚ್ಚಿ ಹುಳಿಯಾದದ್ದೆಲ್ಲ ಬಿಗೊಸ್ ಎಂದೊಡನೆ ಅತಿವ್ಯಾಪ್ತಿ, ಅಂದರೆ ಸಲ್ಲದ್ದೂ ಒಳಗೆ ಬಂದು ಕೂರುವ ದೋಷ, ತಲೆಯೆತ್ತುತ್ತದೆ. ಹಸಿ ಕೋಸಿಗೆ ನಿಂಬೆ ಹಿಂಡಿದ 'ಸುರೂಫ್ಕಾ' ಎಂಬ, ಕೋಸಂಬರಿಯ ದೂರದ ದಾಯಾದಿಯೂ ಬಿಗೊಸಾಗಿಬಿಡುತ್ತದೆ. ಇದರ ಪರಿಹಾರವು ಅಡುಗೆಮನೆಯಲ್ಲೇ ಇದೆ. ಬಿಗೊಸನ್ನು ಬೇಯಿಸಿ, ಆರಿಸಿ, ಮರುದಿನ ಕಾಯಿಸಿ, ಮತ್ತೆ ಆರಿಸಿ, ಹೀಗೆ ಎರಡು ಮೂರು ದಿನ ಕಳೆದಂತೆ ರುಚಿ ಏರುತ್ತದೆಂಬುದರಲ್ಲಿ ಪೋಲೆಂಡಿನ ಅಜ್ಜಿಯರಿಗೂ ಹೊಸ ಬಾಣಸಿಗರಿಗೂ ಭಿನ್ನಾಭಿಪ್ರಾಯವಿಲ್ಲ; ಹಿಂದೆ ಚಳಿಗಾಲದಲ್ಲಿ ಪಾತ್ರೆಯನ್ನು ಹೊರಗಿಟ್ಟು ಹೆಪ್ಪುಗಟ್ಟಿಸುವ ಪದ್ಧತಿಯೂ ಇತ್ತು. ಆದ್ದರಿಂದ ತಂಗಳುತ್ವವೇ ಬಿಗೊಸಿನ ಅಸಾಧಾರಣ ಧರ್ಮ, ಅಂದರೆ ಅದಕ್ಕೊಂದಕ್ಕೇ ಸಲ್ಲುವ ಗುಣ. ಪ್ರಭುವಿನ ಪಂಕ್ತಿಯಲ್ಲಿ ಚೆರ್ನ್ಯೆತ್ಸ್ಕಿ ತಂಗಳು ಬಡಿಸಿರಲಾರನಾದ್ದರಿಂದ ಈ ಲಕ್ಷಣದಿಂದ ಅವನು ಮತ್ತೊಮ್ಮೆ ಹೊರಬೀಳುವ ಅಪಾಯವುಂಟು. ಶಾಸ್ತ್ರದ ಹಿತಕ್ಕಾಗಿ ಅಷ್ಟನ್ನು ಅವನು ಸಹಿಸಿಕೊಳ್ಳಬೇಕು.

ಹೀಗಾಗಿ ಕುಕ್ಕರಿನಿಂದ ಆಗತಾನೆ ಇಳಿದದ್ದು, ಅದರಲ್ಲಿ ಮಾಂಸವಿರಲಿ ಬಿಡಲಿ, ಬಿಗೊಸಲ್ಲ. ಅದು ಬಿಗೊಸಿನ ಪ್ರಾಗಭಾವ, ಅಂದರೆ ವಸ್ತು ಹುಟ್ಟುವುದಕ್ಕೆ ಮುಂಚಿನ ಅದರ ಇಲ್ಲದಿರುವಿಕೆ. ಅದನ್ನು ಅಂದೇ ರಾತ್ರಿ ತಳ ಕೆರೆದು ಮುಗಿಸಿದ ಮನೆಯವರು ಉಂಡದ್ದು ಏನನ್ನು ಎಂಬುದು ಪ್ರತ್ಯೇಕ ಪ್ರಕರಣದ ವಿಷಯ.