ಜಲಯಾನ-ಗಾನಯಂತ್ರ-ದೋಷನಿದಾನ: ಪೂರ್ವ ಬೆಂಗಳೂರಿನ ಒಂದು ಮೀಮಾಂಸೆ

ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂಬುದಕ್ಕೂ ಶಾಸ್ತ್ರವಿರುವ ನಾಡು ಇದು. ಆದರೂ ವಿಹಾರದ ದೋಣಿಯಲ್ಲಿ ಸ್ಟೀರಿಯೋ ಏಕೆ ಹಾಡುವುದಿಲ್ಲ ಎಂಬ ಗಹನ ಪ್ರಶ್ನೆಗೆ ಪಂಡಿತರು ಕೈಹಾಕಿದಂತಿಲ್ಲ.

ಅಧ್ಯಯನಕ್ಕೆ ಹಲಸೂರು ಕೆರೆಯೇ ಪ್ರಶಸ್ತ. ಅದರ ದಡದಲ್ಲಿ 1780ರಷ್ಟು ಹಳೆಯ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ನೀರಿಗೆ ಸೇತುವೆ ಕಟ್ಟುವುದು ಅವರ ಕಸುಬು. ದೋಣಿವಿಹಾರವೂ ಅಲ್ಲೇ. ಆದರೆ ಮೊದಲ ತೊಡಕು ಎದುರಾಗುವುದೂ ಅಲ್ಲೇ: ಪೆಡಲ್ ದೋಣಿಯಲ್ಲಿ ವೈರಿಲ್ಲ, ಬ್ಯಾಟರಿಯಿಲ್ಲ, ಹಾಗಾಗಿ ದೋಷವೂ ಇಲ್ಲ. ರೋಗಿಯೇ ಇಲ್ಲದೆ ವೈದ್ಯಶಾಸ್ತ್ರ ಬೆಳೆಯುವುದು ಹೇಗೆ?

ಆದ್ದರಿಂದ ದೋಣಿಯ ಲಕ್ಷಣವನ್ನೇ ಕೊಂಚ ಹಿಗ್ಗಿಸಬೇಕಾಯಿತು. ನೀರಿನಲ್ಲಿ ಜನರನ್ನು ಹೊತ್ತು ಸಾಗುವುದೆಲ್ಲ ದೋಣಿ. 2022ರ ಸೆಪ್ಟೆಂಬರ್‌ನ ನೆರೆಯಲ್ಲಿ ಯಮಲೂರಿನವರನ್ನು ಟ್ರ್ಯಾಕ್ಟರುಗಳು ದಾಟಿಸಿದವು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟಿಗೆ ನಿಜವಾದ ದೋಣಿಯೇ ಬಂತು. ಈ ಲಕ್ಷಣದ ಪ್ರಕಾರ ಮಳೆಗಾಲದ ಕೆ.ಆರ್. ಪುರದ ಆಟೋ ನಿರ್ವಿವಾದವಾಗಿ ವಿಹಾರನೌಕೆ (ವಿಹಾರ ಯಾರದು ಎಂಬುದು ಬೇರೆ ಮಾತು). ಅದಕ್ಕೆ 12 ವೋಲ್ಟಿನ ಬ್ಯಾಟರಿಯಿದೆ, ಸೀಟಿನ ಹಿಂದೆ ಜೋಡಿ ಸ್ಪೀಕರ್ ಇದೆ, ದೋಣಿಗೆ ಬರುವ ಕಾಯಿಲೆಗಳೆಲ್ಲ ಇವೆ.

ದೋಷಗಳು ಮೂರು: ವಾತ, ಪಿತ್ತ, ಕಫ. ವಾತವೆಂದರೆ ಲೂಸ್ ಕನೆಕ್ಷನ್. ಒಂದು ಗುಂಡಿಯಲ್ಲಿ ನಿಂತ ಹಾಡು ಮುಂದಿನ ಗುಂಡಿಯಲ್ಲಿ ಮತ್ತೆ ಹೊರಡುತ್ತದೆ, ಬಿ.ಬಿ.ಎಂ.ಪಿ. ಕಾಲದಿಂದಲೂ ಈ ಚಿಕಿತ್ಸೆ ಉಚಿತ. ಪಿತ್ತವೆಂದರೆ ಸಣ್ಣ ವೈರಿಗೆ ದೊಡ್ಡ ಆಂಪ್ಲಿಫೈಯರ್ ಕಟ್ಟುವುದು. ಫ್ಯೂಸ್ ಸುಟ್ಟರೆ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತುವ ಸಂಪ್ರದಾಯವೂ ಉಂಟು. ಆಗ ಫ್ಯೂಸಿನ ಬದಲು ವೈರೇ ಸುಡುತ್ತದೆ.

ಕಫ ಎಲ್ಲಕ್ಕಿಂತ ಕುಟಿಲ. ತೇವ ತಗುಲಿದ ತಾಮ್ರಕ್ಕೆ ಕಿಲುಬು ಹತ್ತುತ್ತದೆ. ಕಡಲಿನ ದೋಣಿಗೆ ಉಪ್ಪು ಮಾಡುವ ಕೆಲಸವನ್ನು ನಮ್ಮಲ್ಲಿ ಒಳಚರಂಡಿ ವಹಿಸಿಕೊಂಡಿದೆ: ಕೊಳೆನೀರಿನಿಂದೇಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ಮೀನುಗಳೇ ರಾಶಿಯಾಗಿ ಸತ್ತು ತೇಲಿದ ಮೇಲೆ ವೈರಿನ ಆಯಸ್ಸಿನ ಚರ್ಚೆ ಬೇಕಿಲ್ಲ. ಕಡಲ ದೋಣಿಗಳಿಗೆ ತವರ ಲೇಪಿಸಿದ ತಾಮ್ರದ ತಂತಿ ಹಾಕುತ್ತಾರೆ. ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಅಜ್ಜಿಯರಿಗೆ ಇದರ ಮರ್ಮ ಹೇಳಿಕೊಡಬೇಕಿರಲಿಲ್ಲ.

ಗೆಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಕಿಲುಬು ಚಾಚೂ ತಪ್ಪದೆ ಪಾಲಿಸುತ್ತದೆ. ನೆಗೆಟಿವ್ ವೈರನ್ನು ಗಾಡಿಯ ಮೈಗೆ ಬಿಗಿಯುವ ಅರ್ತ್ ಬೋಲ್ಟಿನಲ್ಲಿ ಬರೀ 0.2 ಓಮ್ ತಡೆಯಿದ್ದು, ಆಂಪ್ಲಿಫೈಯರ್ 10 ಆಂಪಿಯರ್ ಎಳೆದರೆ 2 ವೋಲ್ಟ್ ಅಲ್ಲೇ ಸೋರಿಹೋಗಿ 20 ವ್ಯಾಟ್ ಬಿಸಿಯಾಗುತ್ತದೆ. ತುಂಬಿದ ಬ್ಯಾಟರಿಯ 12.6 ವೋಲ್ಟಿನಲ್ಲಿ ಸೆಟ್ಟಿಗೆ ದಕ್ಕುವುದು 10.6. ಭಾವಗೀತೆಗೆ ಅಷ್ಟು ಸಾಕು; ತಮಟೆ ಬಡಿದೊಡನೆ ಸೆಟ್ಟಿಗೆ ಮೂರ್ಛೆ.

ಚಿಕಿತ್ಸೆಯಲ್ಲಿ ಮತಭೇದವಿದೆ. ಸೆಟ್ಟಿನ ತಲೆಗೆ ಗುದ್ದುವವರದು ಪ್ರಾಚೀನ ಪಂಥ. ಶಿವಾಜಿನಗರದ ಗುಜರಿ ಸಾಲಿನಲ್ಲಿ ಪುನರ್ಜನ್ಮವಾದ ಪ್ರಬಲ: “ಸಾರ್, ಸೆಟ್ ಹೋಯ್ತು. ಬೇರೆ ಹಾಕ್ಕೊಳ್ಳಿ, ಒಳ್ಳೆ ಕಂಡೀಷನ್ ಐತೆ.” ಸೆಟ್ಟಿನ ಆತ್ಮವೇನೋ ಇನ್ನೊಂದು ಡ್ಯಾಶ್‌ಬೋರ್ಡ್ ಸೇರುತ್ತದೆ. ಕಿಲುಬು ಹಿಡಿದ ಬೋಲ್ಟ್ ಹಳೆಯ ದೇಹದಲ್ಲೇ ಉಳಿಯುವುದರಿಂದ ಬದಲಿ ಸೆಟ್ಟೂ ಬೇಗ ಮೂಕವಾಗುತ್ತದೆ.

ಉಪರೋಗಗಳು ಎರಡು. ಕೀಲಿ ತೆಗೆದಾಗಲೆಲ್ಲ ಸೆಟ್ ಸ್ಟೇಷನ್‌ಗಳನ್ನು ಮರೆತರೆ, ಸದಾ ಕರೆಂಟ್ ಇರಬೇಕಾದ ಹಳದಿ ವೈರನ್ನು ಕೀಲಿಯೊಂದಿಗೆ ಆರುವ ಕೆಂಪು ವೈರಿಗೆ ಸೇರಿಸಿರುತ್ತಾರೆ. ಎಂಜಿನ್ ವೇಗ ಏರಿದಂತೆ ಸ್ಪೀಕರಿನ ಕೀರಲೂ ಏರಿದರೆ ಅದು ಆಲಾಪವಲ್ಲ. ಸೆಟ್ಟಿಗೊಂದು ಕಡೆ, ಆಂಪ್ಲಿಫೈಯರಿಗೊಂದು ಕಡೆ ಅರ್ತ್ ಕೊಟ್ಟಿರುತ್ತಾರೆ. ಎರಡನ್ನೂ ಒಂದೇ ಬೋಲ್ಟಿಗೆ ಬಿಗಿಯತಕ್ಕದ್ದು.

ಇನ್ನು ಸಿದ್ಧಾಂತ. ಸೆಟ್ ಜೋರಾಗಿ ಹಾಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಸೆಟ್ಟಿನ ಕಪ್ಪು ವೈರಿಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಸೆಟ್ ನಿರಪರಾಧಿ. ಬ್ಯಾಟರಿ ತಂತಿ ಕಳಚಿಟ್ಟು, ಅರ್ತ್ ಬೋಲ್ಟ್ ಬಿಚ್ಚಿ, ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಅದಾದ ಮೇಲೂ ಹಾಡದಿದ್ದರೆ ಮಾತ್ರ ಶಿವಾಜಿನಗರದ ಬಸ್ಸು ಹತ್ತಿ.